ಎಷ್ಟು ಜನ ಬರಬೇಕು ಅಂತ ನನ್ನನ್ನೇ ಕೇಳಿದರು

2025ರ ಬೇಸಿಗೆಯ ಒಂದು ರಾತ್ರಿ ಊಟ ಮುಗಿಸಿ ಫೋನ್ ಹಿಡಿದು ಕೂತಿದ್ದೆ. ಸ್ಕ್ರೀನ್ ಮೇಲೆ ಕೆನಡಾದ ವಲಸೆ ಇಲಾಖೆಯ ಒಂದು ಸರ್ವೆ. ಮುಂದಿನ ವರ್ಷಗಳಲ್ಲಿ ಈ ದೇಶಕ್ಕೆ ಎಷ್ಟು ಹೊಸಬರನ್ನು ಕಾಯಂ ಆಗಿ ಸೇರಿಸಿಕೊಳ್ಳಬೇಕು? ಈಗ ಅಂದುಕೊಂಡಿರುವ ಸಂಖ್ಯೆ ಜಾಸ್ತಿಯಾಯಿತಾ, ಕಡಿಮೆಯಾಯಿತಾ, ಸರಿಯಾಗಿದೆಯಾ? ಆ ಹೊತ್ತಿಗೆ ಸರಿಯಾಗಿ ಹಾಸನದಿಂದ ಅಮ್ಮನ ವಿಡಿಯೋ ಕಾಲ್ ಬಂತು. ಏನು ಮಾಡ್ತಿದ್ದೀಯ ಅಂದರು, ಹೇಳಿದೆ. ಅಮ್ಮ ನಕ್ಕುಬಿಟ್ಟರು. "ಮೊನ್ನೆ ಮೊನ್ನೆ ಹೋದವನು ನೀನು. ಇನ್ನು ಯಾರು ಬರ್ಬೇಕು ಅಂತ ನಿನ್ನನ್ನ ಕೇಳ್ತಾರಾ?"

ಕೇಳ್ತಾರೆ. ಇಲ್ಲಿ ಅದೊಂದು ವಾರ್ಷಿಕ ಪದ್ಧತಿ. ಬೇಸಿಗೆಯಲ್ಲಿ ಜನರನ್ನೂ ಸಂಘಸಂಸ್ಥೆಗಳನ್ನೂ ಕೇಳಿ, ಚಳಿಗಾಲ ಶುರುವಾಗುವ ಹೊತ್ತಿಗೆ ಸಚಿವರು ಮುಂದಿನ ಮೂರು ವರ್ಷದ 'ಲೆವೆಲ್ಸ್ ಪ್ಲಾನ್' ಅನ್ನು ಪಾರ್ಲಿಮೆಂಟಿನ ಮುಂದೆ ಇಡುತ್ತಾರೆ. ಹಲವು ವರ್ಷ ಆ ಸಂಖ್ಯೆ ಏರುತ್ತಲೇ ಇತ್ತು. 2025ಕ್ಕೆ 5 ಲಕ್ಷ ಅಂತ ಗುರಿ ಇಟ್ಟಿದ್ದರು. 2024ರ ಅಕ್ಟೋಬರಿನಲ್ಲಿ ಒಮ್ಮೆಲೇ ಬ್ರೇಕ್ ಹಾಕಿ 3,95,000ಕ್ಕೆ ಇಳಿಸಿದರು, 2026ಕ್ಕೆ 3,80,000. ಮನೆ ಬಾಡಿಗೆ ಕೈಗೆ ಸಿಗದಂತಾಗಿತ್ತು, ಫ್ಯಾಮಿಲಿ ಡಾಕ್ಟರ್ ಸಿಗುವುದು ಕಷ್ಟವಾಗಿತ್ತು, ಜನರ ಅಸಮಾಧಾನ ಕಣ್ಣಿಗೇ ಕಾಣುತ್ತಿತ್ತು. ಎನ್ವೈರಾನಿಕ್ಸ್ ಸಂಸ್ಥೆಯ ಆ ವರ್ಷದ ಸಮೀಕ್ಷೆಯಲ್ಲಿ ನೂರಕ್ಕೆ 58 ಮಂದಿ ವಲಸೆ ಅತಿಯಾಯಿತು ಅಂದಿದ್ದರು.

ನನಗೆ ಆ ಮೊದಲ ಪ್ರಶ್ನೆಯಲ್ಲೇ ಬೆರಳು ನಿಂತುಹೋಯಿತು. ಯಾಕೆ ಅಂತ ಹೇಳಬೇಕಾದರೆ ಸಡ್ಬರಿಯ ಕಥೆ ಹೇಳಬೇಕು.

ಟೊರೊಂಟೊದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಹೋದರೆ ಸಡ್ಬರಿ ಸಿಗುತ್ತದೆ. ನಿಕ್ಕಲ್ ಗಣಿಯ ಊರು. ಊರ ಹೆಮ್ಮೆ ಏನಪ್ಪಾ ಅಂದರೆ 9 ಮೀಟರ್ ಎತ್ತರದ ಒಂದು ಐದು ಸೆಂಟಿನ ನಾಣ್ಯದ ಪ್ರತಿಮೆ! ಅದಿರು ಕರಗಿಸುವ ಹೊಗೆಗೆ ಸುತ್ತಲಿನ ಬಂಡೆಗಳೆಲ್ಲ ಕಪ್ಪಾಗಿ, ಗಿಡಮರ ಸತ್ತುಹೋಗಿದ್ದವಂತೆ. 1970ರ ದಶಕದ ಕೊನೆಯಿಂದ ಊರಿನವರೇ ನಿಂತು ಮಣ್ಣಿಗೆ ಸುಣ್ಣ ಹಾಕಿ, ಲಕ್ಷಗಟ್ಟಲೆ ಗಿಡ ನೆಟ್ಟು ಮತ್ತೆ ಹಸಿರು ಮಾಡಿದ್ದಾರೆ. ಗಿಡಗಳು ಉಳಿದುಕೊಂಡವು, ಊರಿನ ಹುಡುಗರು ಮಾತ್ರ ಓದು ಮುಗಿಸಿ ದಕ್ಷಿಣದ ದೊಡ್ಡ ನಗರಗಳಿಗೆ ಹೊರಟುಬಿಡುತ್ತಾರೆ. ನಮ್ಮ ಮಲೆನಾಡಿನ ತೋಟದ ಮನೆಗಳ ಪರಿಸ್ಥಿತಿಯೇ.

ಇಂಥ ಊರುಗಳಿಗೆಂದು 2019ರಲ್ಲಿ ಒಂದು ಯೋಜನೆ ಶುರುವಾಯಿತು. ಸಡ್ಬರಿ, ಥಂಡರ್ ಬೇ, ಬ್ರಾಂಡನ್, ಮೂಸ್ ಜಾ, ವರ್ನನ್, ಹೀಗೆ ಒಟ್ಟು 11 ಊರುಗಳು. ಸಾಮಾನ್ಯವಾಗಿ ಕೆನಡಾಕ್ಕೆ ಬರುವವರನ್ನು ಕಂಪ್ಯೂಟರ್ ಆರಿಸುತ್ತದೆ ಅನ್ನಬಹುದು: ವಯಸ್ಸಿಗಿಷ್ಟು, ಇಂಗ್ಲಿಷಿಗಿಷ್ಟು, ಡಿಗ್ರಿಗಿಷ್ಟು ಅಂತ 1200ಕ್ಕೆ ಅಂಕ, ಕಟ್ ಆಫ್ ದಾಟಿದವನು ಒಳಗೆ. ನಮ್ಮ ಸಿಇಟಿ ರ‍್ಯಾಂಕಿನ ಥರ. ಈ ಯೋಜನೆಯಲ್ಲಿ ಹಾಗಲ್ಲ. ಆ ಊರಿನಲ್ಲೇ ಕೆಲಸ ಸಿಕ್ಕಿರಬೇಕು, ಆಮೇಲೆ ಊರಿನ ಸಮಿತಿ 'ಇವನು ನಮಗೆ ಬೇಕು' ಅಂತ ಶಿಫಾರಸು ಮಾಡಬೇಕು. ಅದಾದ ಮೇಲೇ ಕೇಂದ್ರ ಸರ್ಕಾರಕ್ಕೆ ಅರ್ಜಿ. ಸಮಿತಿ ನೋಡುವುದು ಕೆಲಸವನ್ನೊಂದೇ ಅಲ್ಲ. ಇವನಿಗೆ ಇಲ್ಲಿ ಯಾರ ಪರಿಚಯ ಇದೆ? ಇಲ್ಲೇ ಬೇರೂರುತ್ತಾನಾ?

2021ರಲ್ಲಿ ಓದುವುದಕ್ಕೆ ಅಂತ ಅಲ್ಲಿಗೆ ಹೋದವನು ನಾನು. ಮುಗಿದ ಮೇಲೆ ಗಣಿಗಳಿಗೆ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ನೆಲದಡಿಯ ಸುರಂಗಕ್ಕೆ ಎಲ್ಲಿಂದ ಎಷ್ಟು ಗಾಳಿ ಹೋಗಬೇಕು ಅನ್ನುವ ಲೆಕ್ಕ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಯಾರದೋ ಶಾಪಿಂಗ್ ಆ್ಯಪಿನ ಬಟನ್ ಸರಿಮಾಡಿದವನಿಗೆ ಅದು ನಿಜವಾದ ಕೆಲಸ ಅನ್ನಿಸುತ್ತಿತ್ತು.

ನಾನಿದ್ದದ್ದು ಎಪ್ಪತ್ತೆಂಟು ವರ್ಷದ ಅಜ್ಜಿಯೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ. ಅವರ ತಂದೆ ಫಿನ್ಲೆಂಡಿನಿಂದ ಗಣಿ ಕೆಲಸಕ್ಕೆ ಬಂದವರು. ಮೊದಲ ಹಿಮ ಬಿದ್ದ ದಿನ ನಾನು ಸಲಿಕೆ ಹಿಡಿದ ರೀತಿ ನೋಡಿ ಅವರು ಹೊಟ್ಟೆ ಹಿಡಿದು ನಕ್ಕಿದ್ದರು, ಆಮೇಲೆ ಬಂದು ಕಲಿಸಿಕೊಟ್ಟರು. ಶನಿವಾರ ಲೈಬ್ರರಿಯಲ್ಲಿ ಮಕ್ಕಳಿಗೆ ಕೋಡಿಂಗ್ ಹೇಳಿಕೊಡಲು ಕರೆದುಕೊಂಡು ಹೋದವರೂ ಅವರೇ. 2023ರಲ್ಲಿ ಶಿಫಾರಸಿಗೆ ಅರ್ಜಿ ಹಾಕುವಾಗ ನನ್ನ ಪರವಾಗಿ ಪತ್ರ ಬೇಕಿತ್ತು. ಅಡುಗೆಮನೆ ಟೇಬಲ್ಲಿನ ಮೇಲೆ ಕೈಬರಹದಲ್ಲೇ ಬರೆದರು. ಸಹಿ ಹಾಕುವ ಮುಂಚೆ ಪೆನ್ನು ಹಾಗೇ ಹಿಡಿದು, "ನೀನು ಇಲ್ಲೇ ಇರ್ತೀಯ ತಾನೇ?" ಅಂದರು.

ಇರ್ತೀನಿ ಅಂದೆ. ಸುಳ್ಳು ಹೇಳಲಿಲ್ಲ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

2024ರ ಜೂನಿನಲ್ಲಿ ಪಿ.ಆರ್. ಬಂತು. 2025ರ ಫೆಬ್ರವರಿಯಲ್ಲಿ ನಾನು ಟೊರೊಂಟೊ ಪಕ್ಕದ ಮಿಸಿಸಾಗದಲ್ಲಿದ್ದೆ. ಒಂದೂವರೆ ಪಟ್ಟು ಸಂಬಳ, ಅಂಗಡಿಯಲ್ಲಿ ರೆಡಿ ದೋಸೆ ಹಿಟ್ಟು, ಭಾನುವಾರ ಕನ್ನಡದಲ್ಲಿ ಹರಟೆ ಹೊಡೆಯಲು ನಾಲ್ಕು ಜನ. ಮೈನಸ್ ಮೂವತ್ತರ ಚಳಿಯಲ್ಲಿ ಒಬ್ಬನೇ ಅನ್ನ ಸಾರು ತಿಂದ ಮೂರು ಚಳಿಗಾಲ ಸಾಕು ಅನ್ನಿಸಿತ್ತು. ಕಾನೂನಿನಲ್ಲಿ ತಪ್ಪೇನಿಲ್ಲ. ಪಿ.ಆರ್. ಇದ್ದವನು ಯಾವ ಪ್ರಾಂತ್ಯಕ್ಕೆ ಬೇಕಾದರೂ ಹೋಗಿ ಬದುಕಬಹುದು ಅಂತ ಇಲ್ಲಿನ 1982ರ ಹಕ್ಕುಗಳ ಚಾರ್ಟರಿನಲ್ಲೇ ಇದೆ. ಈ ವಾಕ್ಯವನ್ನು ನಾನು ಎಷ್ಟೋ ಸಲ ಗೆಳೆಯರ ಮುಂದೆ ಹೇಳಿದ್ದೇನೆ. ಅಜ್ಜಿಯ ಮುಂದೆ ಹೇಳಲಿಲ್ಲ. ಅವರು ಏನೂ ಕೇಳಲಿಲ್ಲ, ಕಾರಿನಲ್ಲಿ ತಿನ್ನು ಅಂತ ಏಲಕ್ಕಿ ಹಾಕಿದ ಬ್ರೆಡ್ ಕಟ್ಟಿಕೊಟ್ಟರು.

ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು. ಪಿ.ಆರ್. ಬಂದ ಮುಂದಿನ ತಿಂಗಳೇ, ಜುಲೈ 2024ರಲ್ಲಿ, ನಮ್ಮ ಕರ್ನಾಟಕ ಸಚಿವ ಸಂಪುಟ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತ್ತು. ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70. ಉದ್ಯಮಿಗಳ ಗಲಾಟೆಯಾಗಿ ಕೆಲವೇ ದಿನಕ್ಕೆ ತಡೆಹಿಡಿದರು, ಆದರೆ ನಮ್ಮ ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ ವಾರವಿಡೀ ಜಗಳ. "ಬೆಂಗಳೂರು ಈಗಲೇ ತುಂಬಿ ತುಳುಕುತ್ತಿದೆ, ಬರುವವರಿಗೆ ಒಂದು ಲೆಕ್ಕ ಬೇಡವಾ?" ಅಂತ ನಾನೂ ಜೋರಾಗಿ ಬರೆದೆ. ಎಂಟು ವರ್ಷದಿಂದ ಬೆಂಗಳೂರಿನಲ್ಲಿರುವ, ನನಗಿಂತ ಚೆನ್ನಾಗಿ ಕನ್ನಡ ಟೈಪ್ ಮಾಡುವ ಒಡಿಶಾದ ಗೆಳೆಯ ಒಂದೇ ಸಾಲು ಹಾಕಿದ: "ಮಗಾ, ನೀನು ಈಗ ಎಲ್ಲಿದ್ದೀಯ?" ಯಾರೋ ನಗುವ ಇಮೋಜಿ ಒತ್ತಿದರು. ನಾನು ಉತ್ತರಿಸಲಿಲ್ಲ.

ಬೆಂಗಳೂರಿನ ನೀರು, ಬಸ್ಸು, ಬಾಡಿಗೆಯ ಬಗ್ಗೆ ನಾನು ಹೇಳಿದ್ದು ತಪ್ಪಲ್ಲ ಅಂತ ಈಗಲೂ ಅನ್ನಿಸುತ್ತದೆ. ಮಿಸಿಸಾಗದ ಬಾಡಿಗೆಯ ಬಗ್ಗೆ ಇಲ್ಲಿನ ಹುಡುಗರು ಗೊಣಗುವುದೂ ತಪ್ಪಲ್ಲ. ಬರೀ ದ್ವೇಷ ಅಂತ ಅದನ್ನು ತಳ್ಳಿಹಾಕುವವರ ಜೊತೆ ನನಗೆ ಸಹಮತವಿಲ್ಲ. ಆದರೆ ದೇಶಕ್ಕೆಲ್ಲ ಒಂದೇ ಸಂಖ್ಯೆ ಇಟ್ಟು ಜಾಸ್ತಿಯೋ ಕಡಿಮೆಯೋ ಅಂತ ಕೇಳಿದರೆ ನಾನು ಯಾವ ಊರಿನವನಾಗಿ ಉತ್ತರ ಕೊಡಲಿ? ಮಿಸಿಸಾಗದ ಬಾಡಿಗೆದಾರನಿಗೆ ಜಾಸ್ತಿ. ಜನಕ್ಕಾಗಿ ಕಾಯುತ್ತಿರುವ ಸಡ್ಬರಿಯ ಗಣಿ ವರ್ಕ್‌ಶಾಪಿಗೆ ಕಡಿಮೆ.

ಇದನ್ನೇ ಅಮ್ಮನಿಗೆ ಹೇಳುತ್ತಿದ್ದೆ. ಅಮ್ಮ ಅಜ್ಜನ ಮಾತು ತೆಗೆದರು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಕಟ್ಟಿದಾಗ ಅಜ್ಜನ ಊರು ಮುಳುಗಿತು. ಸರ್ಕಾರ ಬೇರೆ ಕಡೆ ಜಮೀನು ಕೊಟ್ಟಿತು. ಹೋದ ಊರಿನಲ್ಲಿ ಅವರ ಹೆಸರೇ 'ಮುಳುಗಡೆಯೋರು' ಅಂತಾಯಿತು. ಅಮ್ಮ ಶಾಲೆಗೆ ಹೋಗುವಾಗಲೂ ಮುಳುಗಡೆಯೋರ ಹುಡುಗಿ. "ಆ ಊರಿನೋರನ್ನ ಯಾರೂ ಕೇಳಿರ್ಲಿಲ್ಲ ಕಣೋ, ಇವ್ರು ಬರಬಹುದಾ ಅಂತ. ನಮ್ಮನ್ನೂ ಕೇಳಿರ್ಲಿಲ್ಲ, ನೀವು ಹೋಗ್ತೀರಾ ಅಂತ. ಕೇಳಿದ್ರೆ ಚೆನ್ನಾಗಿರ್ತಿತ್ತು." ಕೇಳಿದ್ದರೆ ಅವರು ಬೇಡ ಅಂದಿರುತ್ತಿದ್ದರು ಅಲ್ವಾ ಅಮ್ಮ ಅಂದೆ. "ಅಂತಿದ್ರೇನೋ. ಆದ್ರೂ" ಅಂದು ಒಲೆ ಮೇಲಿನ ಹಾಲು ನೋಡಲು ಎದ್ದರು.

ಈಗ ಆ ಅಜ್ಜಿಯ ಬೇಸ್‌ಮೆಂಟಿನಲ್ಲಿ ಇರುವುದು ನನ್ನ ಚಿಕ್ಕಮ್ಮನ ಮಗ. 2023ರಲ್ಲಿ ನನ್ನ ಮಾತು ಕೇಳಿಯೇ ಅಲ್ಲಿಗೆ ಓದಲು ಬಂದ. ಗಣಿಯ ದೊಡ್ಡ ದೊಡ್ಡ ಗಾಡಿಗಳನ್ನು ರಿಪೇರಿ ಮಾಡುವ ಕಡೆ ಕೆಲಸ. ನಾನು ಬಂದ ಯೋಜನೆ 2024ರ ಆಗಸ್ಟಿಗೆ ಮುಗಿದುಹೋಯಿತು. 2025ರ ಜನವರಿಯಲ್ಲಿ ಅದರ ಹೊಸ ರೂಪ ಬಂತು, ಊರುಗಳು 14ಕ್ಕೆ ಏರಿದವು. ಈಗ ಊರು ಮೊದಲು ಕಂಪನಿಯನ್ನೇ ಪರಿಶೀಲಿಸಿ ಒಪ್ಪಬೇಕು, ಆಮೇಲೆ ಆ ಕಂಪನಿ ಕೊಟ್ಟ ಹೆಸರುಗಳಲ್ಲಿ ಆರಿಸಬೇಕು. ಒಂದೊಂದು ಊರಿಗೂ ಇಷ್ಟೇ ಜನ ಅಂತ ಮಿತಿ. ತಮ್ಮನ ಹೆಸರು ಹೋಗಿದೆ, ಉತ್ತರ ಬಂದಿಲ್ಲ. ಅವನ ವರ್ಕ್ ಪರ್ಮಿಟ್ ಮುಂದಿನ ವರ್ಷ ಮುಗಿಯುತ್ತದೆ.

ಅವನ ಫೈಲ್ ನೋಡುವವರು ಏನು ಯೋಚಿಸುತ್ತಾರೆ ಅಂತ ರಾತ್ರಿ ಒಮ್ಮೊಮ್ಮೆ ಅನ್ನಿಸುತ್ತದೆ. ಅದೇ ವಿಳಾಸ, ಅದೇ ಅಜ್ಜಿಯ ಪತ್ರ, ಅದೇ ಜಿಲ್ಲೆಯ ಹುಡುಗ. ಹಿಂದಿನವನು ಎಂಟು ತಿಂಗಳಿಗೆ ಹೊರಟುಹೋದ. ಯಾರೂ ಹಾಗೆ ಲೆಕ್ಕ ಹಾಕದೇ ಇರಬಹುದು. ಅವರ ಜಾಗದಲ್ಲಿ ನಾನಿದ್ದರೆ ಹಾಕುತ್ತಿದ್ದೆ.

ಸರ್ವೆಯ ಮೊದಲ ಪ್ರಶ್ನೆಗೆ ಕೊನೆಗೆ 'ಸರಿಯಾಗಿದೆ' ಒತ್ತಿದೆ. ಧೈರ್ಯದ ಉತ್ತರ ಅಲ್ಲ, ಗೊತ್ತು. ಕೊನೆಯಲ್ಲಿ ಅನಿಸಿಕೆ ಬರೆಯಲು ಒಂದು ಖಾಲಿ ಬಾಕ್ಸ್ ಇತ್ತು. ಅಲ್ಲಿ ಅರ್ಧ ಗಂಟೆ ಕೂತೆ. ಸಣ್ಣ ಊರುಗಳಿಗೇ ಆರಿಸುವ ಅವಕಾಶ ಹೆಚ್ಚು ಕೊಡಿ, ಅವರಿಗೆ ಯಾರು ಬೇಕು ಅಂತ ಅವರಿಗೆ ಗೊತ್ತು ಅಂತ ಬರೆದೆ. ಬಂದವರನ್ನು ಕಟ್ಟಿಹಾಕುವ ಕಾನೂನು ಮಾತ್ರ ಮಾಡಬೇಡಿ. ಡಾಕ್ಟರು, ಬಸ್ಸು, ಗಂಡ ಹೆಂಡತಿ ಇಬ್ಬರಿಗೂ ಕೆಲಸ ಇದ್ದರೆ ಇರುತ್ತಾರೆ ಅಂತಲೂ ಸೇರಿಸಿದೆ. ನಾನು ಹಾಗೆ ಬಂದು ಹಾಗೆ ಹೋದವನು ಅಂತ ಒಂದು ಸಾಲು ಬರೆದು, ಅಳಿಸಿ, ಮತ್ತೆ ಬರೆದು ಸಬ್ಮಿಟ್ ಮಾಡಿದೆ.

ನವೆಂಬರಿನಲ್ಲಿ ಹೊಸ ಪ್ಲಾನ್ ಬಂತು. 2026ರಿಂದ 2028ರವರೆಗೆ ವರ್ಷಕ್ಕೆ 3,80,000. ಆ ಸಂಜೆಯೇ ತಮ್ಮ ಫೋನ್ ಮಾಡಿದ. ಸಡ್ಬರಿಯಲ್ಲಿ ಹಿಮ ಶುರುವಾಗಿದೆಯಂತೆ, ಸಲಿಕೆ ಹಿಡಿಯುವುದರಲ್ಲಿ ಅವನು ನನಗಿಂತ ಕಡೆ ಅಂತ ಅಜ್ಜಿ ಬೈದರಂತೆ. ಮಾತಿನ ನಡುವೆ ಕೇಳಿಯೇಬಿಟ್ಟೆ, "ಪಿ.ಆರ್. ಸಿಕ್ಕಿದ ಮೇಲೆ ಅಲ್ಲೇ ಇರ್ತೀಯೇನೋ?"

"ಮೊದ್ಲು ಸಿಗ್ಲಿ ಅಣ್ಣ" ಅಂದ. ಸ್ವಲ್ಪ ತಡೆದು, "ಅಜ್ಜೀನೂ ನಿನ್ನೆ ಇದನ್ನೇ ಕೇಳಿದ್ರು" ಅಂದ.