ಸೀಲು ಬಿದ್ದ ಮೇಲೆ ಮುಗಿಯುವ ಚಿತ್ರ

ಲಕೋಟೆಯನ್ನು ಹರಿಯಬೇಡಿ, ಅದೂ ಚಿತ್ರದ ಭಾಗವೇ. ಮೇಲಂಚಿಗೆ ಬ್ಲೇಡು ತಾಗಿಸಿ ನಿಧಾನವಾಗಿ ಸೀಳಿ. ಬಂದಿರುವುದು ಜಪಾನಿನಿಂದ.

ಮಡಿಕೆ ಬಿಚ್ಚಿದಾಗ ಮೇಜಿನ ಮೇಲೆ ಎ3 ಅಳತೆಯ ಹಾಳೆಯೊಂದು ಹರಡಿಕೊಳ್ಳುತ್ತದೆ. ಇದು ‘ಬ್ರೈನ್ ಸೆಲ್’. ಒಸಾಕಾ ಕಡೆಯ ಕಲಾವಿದ ರ್ಯೋಸುಕೆ ಕೊಹೆನ್ 1985ರಲ್ಲಿ ಶುರುಮಾಡಿದ ಸರಣಿ. ಯಾವ್ಯಾವುದೋ ದೇಶದವರು ಕಳಿಸಿದ ಪುಟ್ಟ ಚಿತ್ರ, ಸ್ಟಿಕ್ಕರು, ರಬ್ಬರ್ ಸ್ಟಾಂಪುಗಳನ್ನೆಲ್ಲ ಒಂದೇ ಹಾಳೆಗೆ ಸೇರಿಸಿ 150 ಪ್ರತಿ ತೆಗೆಯುತ್ತಾರೆ. ಭಾಗವಹಿಸಿದವರಿಗೆಲ್ಲ ಒಂದೊಂದು ಪ್ರತಿ, ಜೊತೆಗೆ ಎಲ್ಲರ ವಿಳಾಸದ ಪಟ್ಟಿ. ಹಾಳೆಯ ಮೇಲೆ ಬೆರಳಾಡಿಸಿ. ಸ್ಟಿಕ್ಕರಿನ ಅಂಚು ತಡೆಯುತ್ತದೆ, ಇಂಕು ದಪ್ಪವಾಗಿ ಕೂತಲ್ಲಿ ತುಸು ಉಬ್ಬಿದೆ. ಎಡಗಡೆ ಮೂಲೆಯಲ್ಲಿ, ಯಾರದೋ ನೀಲಿ ಮೀನಿನ ಬಾಲದ ಕೆಳಗೆ ನೋಡಿ, ಪೆನ್ಸಿಲ್ ರಬ್ಬರಿನಲ್ಲಿ ನೀವು ಕೊರೆದ ದಾಸವಾಳ!

ಅಂಚೆಯಲ್ಲೇ ಚಿತ್ರ ಕಳಿಸಿ ತರಿಸಿಕೊಳ್ಳುವ ಈ ಆಟಕ್ಕೆ ಆಯ್ಕೆ ಸಮಿತಿಯಿಲ್ಲ, ಪ್ರವೇಶ ಶುಲ್ಕವಿಲ್ಲ, ಕಳಿಸಿದ್ದನ್ನು ವಾಪಸ್ ಕೇಳುವ ಹಾಗೂ ಇಲ್ಲ. ಇದಕ್ಕೆ ದಾರಿ ಹಾಕಿದವರಲ್ಲಿ ಮುಖ್ಯನಾದವನು ನ್ಯೂಯಾರ್ಕಿನ ರೇ ಜಾನ್ಸನ್. ‘ಇದಕ್ಕೆ ನಿಮ್ಮದನ್ನೂ ಸೇರಿಸಿ ಹಿಂದಿರುಗಿಸಿ’ ಎಂದು ಚಿತ್ರಗಳ ಮೇಲೆ ಬರೆದು ಅಂಚೆಗೆ ಹಾಕುತ್ತಿದ್ದ. 1970ರಲ್ಲಿ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನದ ಅವಕಾಶ ಸಿಕ್ಕಾಗಲೂ ಗೋಡೆಗೇರಿದ್ದು ಅವನ ಕೃತಿಗಳಲ್ಲ, ಅವನಿಗೆ ಬಂದ ಕಾಗದಗಳು. ಕಾರ್ಡಿನ ಮೇಲೆ ಚಿತ್ರ ಬರೆದು ಕಳಿಸುವ ಖುಷಿ ನಮ್ಮವರಿಗೂ ಹೊಸದಲ್ಲ. ಶಾಂತಿನಿಕೇತನದ ನಂದಲಾಲ್ ಬೋಸ್ ಶಿಷ್ಯರಿಗೂ ಸ್ನೇಹಿತರಿಗೂ ಅಂಥ ಎಷ್ಟೋ ಕಾರ್ಡು ಬರೆದರು.

ಈಗ ಎರಡನೆಯ ಲಕೋಟೆ. ಧಾರವಾಡದ ಗೆಳತಿ 50 ಪೈಸೆಯ ಅಂಚೆ ಕಾರ್ಡೊಂದನ್ನು ಒಳಗಿಟ್ಟಿದ್ದಾಳೆ. ಮೇಲೆ ಕಂದುಬಣ್ಣದ ಚಕ್ಕಡಿ, ಎತ್ತುಗಳೇ ಇಲ್ಲ. ಉಳಿದದ್ದು ನಿಮಗೆ ಬಿಟ್ಟದ್ದು. ಹಳೆಯ ಪಂಚಾಂಗದ ಹಾಳೆಯಿಂದ ಎರಡು ಎತ್ತು ಕತ್ತರಿಸಿ. ಒಂದರ ಬೆನ್ನಮೇಲೆ ರಾಹುಕಾಲ, ಇನ್ನೊಂದರ ಹೊಟ್ಟೆಯಲ್ಲಿ ಏಕಾದಶಿ ಬಂದರೆ ಬರಲಿ. ಗೋಂದನ್ನು ತೆಳ್ಳಗೆ ಸವರಿ, ಇಲ್ಲದಿದ್ದರೆ ಕಾರ್ಡು ಸೊಟ್ಟಗಾಗುತ್ತದೆ. ಮಳೆಗಾಲ ಬೇರೆ, ಚಿತ್ರದ ಮೇಲೆ ಮೇಣದಬತ್ತಿ ಉಜ್ಜಿಬಿಡಿ. ಲಕೋಟೆ ಬೇಡ, ಹಾಗೇ ಹೋಗಲಿ.

ಬೀದಿಯ ಕೆಂಪು ಡಬ್ಬಿಗೆ ಹಾಕಬಹುದು. ಆದರೆ ನಿಮಗೆ ಒಳ್ಳೆಯ ಸೀಲು ಬೇಕು, ಅದಕ್ಕೇ ಪೋಸ್ಟಾಫೀಸಿಗೆ ಬಂದಿದ್ದೀರಿ. ಕೌಂಟರಿನವರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ.

‘ಏನೂ ಬರೆದೇ ಇಲ್ವಲ್ರೀ?’

‘ಚಿತ್ರಾನೇ ಕಾಗದ ಸಾರ್. ಸೀಲು ಸ್ವಲ್ಪ ನೀಟಾಗಿ ಹೊಡೀತೀರಾ?’

ಸೀಲನ್ನು ಪ್ಯಾಡಿಗೆ ಒತ್ತಿ, ಒಮ್ಮೆ ರದ್ದಿ ಕಾಗದದ ಮೇಲೆ ಹೊಡೆದು ನೋಡಿ, ಆಮೇಲೆ ಧಪ್ಪನೆ ಇಳಿಸುತ್ತಾರೆ. ತಾರೀಖು, ಪಿನ್‌ಕೋಡು ಸಮೇತ ಮೂರನೆಯ ಕೈಯೊಂದು ಚಿತ್ರಕ್ಕೆ ಸೇರಿತು. ನಾಲ್ಕನೆಯದು ಧಾರವಾಡದ ಪೋಸ್ಟ್‌ಮನ್‌ನದು. ಒಬ್ಬರೇ ಕೂತು ಬರೆದ ಚಿತ್ರದಲ್ಲಿ ಸಿಗದ ಸುಖ ಇದು: ಅರ್ಧ ಬರೆದು ನಂಬಿಕೆಯಿಂದ ಬಿಟ್ಟುಕೊಡುವುದು. ನೀವು ಪ್ರತಿ ಇಟ್ಟುಕೊಂಡಿಲ್ಲ, ಬೇಕೂ ಇಲ್ಲ.

ಕೌಂಟರಿನಲ್ಲಿ ಹತ್ತು ರೂಪಾಯಿ ಕೊಟ್ಟರೆ ಇಪ್ಪತ್ತು ಕಾರ್ಡು ಸಿಗುತ್ತವೆ. ತಗೊಂಡೇ ಹೊರಡಿ.