ಒಂದೇ ಬಾನಿಯ ಬಣ್ಣ

ಅಕ್ಕನ ಮದುವೆ ನಿಶ್ಚಯವಾಗಿದ್ದ ವರ್ಷ ಅದು. 1983ರ ದೀಪಾವಳಿ ಹತ್ತಿರ ಬಂದಿತ್ತು, ಮನೆಗೆ ಸುಣ್ಣ ಹೊಡೆಸಲು ಅಪ್ಪ ಮೇಸ್ತ್ರಿಯನ್ನು ಕರೆಸಿದರು. ಮೈಸೂರು ಸೀಮೆಯ ಹಳೇ ಮನೆ ನಮ್ಮದು. ಬಾಗಿಲುಗಳೆಲ್ಲ ಒಂದೇ ನೇರಕ್ಕಿದ್ದವು. ಬೀದಿ ಬಾಗಿಲಲ್ಲಿ ನಿಂತರೆ ಪಡಸಾಲೆ, ನಡುಮನೆ, ಅಡುಗೆಮನೆ ದಾಟಿ ಹಿತ್ತಿಲ ನುಗ್ಗೆಮರದವರೆಗೂ ಕಣ್ಣು ಹಾಯುತ್ತಿತ್ತು.

ಸುಟ್ಟ ಸುಣ್ಣದ ಕಲ್ಲಿಗೆ ನೀರು ಹುಯ್ದಾಗ ಬಾನಿ ಕೊತಕೊತ ಕುದಿಯಿತು. ಮಕ್ಕಳು ಹತ್ತಿರ ಸುಳಿಯದಂತೆ ಅಜ್ಜಿ ಕೋಲು ಹಿಡಿದು ಕೂತಳು. ಮಾರನೇ ದಿನ ಹಳೇ ಪಂಚೆಯಲ್ಲಿ ಸೋಸಿ, ಗೋಂದು ಬೆರೆಸಿದ್ದಾಯಿತು. ಬಣ್ಣದ ಮಾತು ಬಂದದ್ದೇ ಜಗಳ ಶುರು. ಅಕ್ಕನಿಗೆ ಪಡಸಾಲೆ ನೀಲಿಯಾಗಬೇಕು, ನನಗೆ ನಡುಮನೆ ಹಸಿರು, ಅಮ್ಮನಿಗೆ ಅಡುಗೆಮನೆ ಹಳದಿ. ಅಪ್ಪ ಮೂವರಿಗೂ ಹೂಂ ಅಂದುಬಿಟ್ಟರು.

ಎರಡು ಕೋಣೆ ಮುಗಿದು ಒಣಗಿದ ಮೇಲೆ ನೋಡಿದೆವು. ನೀಲಿಯೂ ಚೆನ್ನಾಗಿತ್ತು, ಹಸಿರೂ ಚೆನ್ನಾಗಿತ್ತು. ಎರಡೂ ಕೂಡುವ ಬಾಗಿಲ ಹತ್ತಿರ ಮಾತ್ರ ಕಣ್ಣಿಗೆ ಹೊಡೆದಂತಾಗುತ್ತಿತ್ತು. ನಡುಮನೆಗೆ ಇದ್ದದ್ದು ಒಂದು ಗಾಜಿನ ಹೆಂಚಿನ ಬೆಳಕು. ಅದು ಹಸಿರು ಗೋಡೆಗೆ ತಾಗಿ ಅಕ್ಕನ ಮುಖದ ಮೇಲೆ ಬಿದ್ದರೆ ಅವಳು ವಾರದಿಂದ ಜ್ವರ ಬಂದವಳಂತೆ ಕಾಣುತ್ತಿದ್ದಳು.

"ಒಂದು ಸೂರಿನಡಿ ಮೂರು ಬಿಡಾರ ಹೂಡಿದ ಹಾಗಿದೆಯಲ್ಲೋ!" ಎಂದಳು ಅಜ್ಜಿ ಅಪ್ಪನಿಗೆ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, "ಒಂದೇ ಹಳದಿ ಕಲಸಪ್ಪ. ಬೆಳಕು ಜಾಸ್ತಿ ಇರೋ ಕಡೆ ಗಟ್ಟಿ, ಕತ್ತಲೆ ಕಡೆ ತೆಳು."

ಒಂದು ಕೈ ಬಿಳಿ ಸುಣ್ಣ ಹೊಡೆದು ಮತ್ತೆ ಮೊದಲಿಂದ ಶುರು. ಒಂದೇ ಬಾನಿಯ ಸುಣ್ಣವನ್ನು ಮೂರು ಬಕೆಟ್ಟಿಗೆ ಸುರಿದು ಪಡಸಾಲೆಯದಕ್ಕೆ ನಾಲ್ಕು ಹಿಡಿ ಹಳದಿ ಪುಡಿ, ಅಡುಗೆಮನೆಯದಕ್ಕೆ ಎರಡು, ನಡುಮನೆಯದಕ್ಕೆ ಒಂದೇ ಹಿಡಿ ಹಾಕಿದರು. ಮೇಸ್ತ್ರಿ ಪ್ರತಿ ಬಾಗಿಲ ಹಿಂದೆಯೂ ಅಂಗೈಯಗಲ ಬಳಿದು, ಕುಂಚ ಕೆಳಗಿಟ್ಟರು. ಹಸಿ ಗೋಡೆ ಅರಿಸಿನದಂತೆ ಕಡುವಾಗಿತ್ತು. ಅಪ್ಪ ಗಾಬರಿಯಾದರು. "ಒಣಗಲಿ ಸ್ವಾಮಿ, ಸುಣ್ಣದ ಬಣ್ಣ ಹಸೀಲಿ ನಂಬಬಾರದು," ಎಂದರು ಮೇಸ್ತ್ರಿ. ಬೆಳಗಾಗುವಷ್ಟರಲ್ಲಿ ಅದು ಬೆಣ್ಣೆಯ ಬಣ್ಣಕ್ಕೆ ಇಳಿದಿತ್ತು.

ಕೊನೆಗೆ ದಾರ ಹಿಡಿದು ಗೆರೆ ಎಳೆದು, ನೆಲದಿಂದ ಒಂದು ಮೊಳ ಎತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿದರು. ಪಡಸಾಲೆಯಲ್ಲಿ ಹೊರಟ ಪಟ್ಟಿ ಎಲ್ಲೂ ಎತ್ತರ ತಪ್ಪದೆ ಹಿತ್ತಿಲ ಬಾಗಿಲು ಮುಟ್ಟಿತು.

ಹಬ್ಬದ ಸಂಜೆ ಅಕ್ಕ ಬೀದಿ ಬಾಗಿಲಲ್ಲಿ ಹಣತೆ ಇಡುತ್ತಾ ಒಳಗೆ ತಿರುಗಿ ನೋಡಿದಳು, ನೋಡುತ್ತಲೇ ನಿಂತಳು. ಪಡಸಾಲೆಯ ಹಳದಿ ನಡುಮನೆಯಲ್ಲಿ ತಿಳಿಯಾಗಿ, ಒಲೆಯ ಬೆಳಕಿರುವ ಅಡುಗೆಮನೆಯಲ್ಲಿ ಮತ್ತೆ ಸ್ವಲ್ಪ ಕಳೆಗಟ್ಟಿತ್ತು. ನಾನು ಓಡಿಹೋಗಿ ನಡುಮನೆಯ ದೀಪದ ಗೂಡಿನೊಳಗೆ ಇಣುಕಿದೆ. ಅಲ್ಲಿ ಮಾತ್ರ ನನ್ನ ಹಸಿರನ್ನು ಅಜ್ಜಿ ಹಾಗೇ ಬಿಡಿಸಿದ್ದಳು.