ಆಟ ಮುಗಿಸಲು ಬರುವವನು

1983ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಇಪ್ಪತ್ತನಾಲ್ಕು ವರ್ಷದ ಎಡಗೈ ಪಿಚರ್ ಡೇವ್ ರಿಗೆಟ್ಟಿ, ಬಾಸ್ಟನ್ ರೆಡ್ ಸಾಕ್ಸ್ ತಂಡಕ್ಕೆ ಒಂಬತ್ತು ಸರದಿಗಳಲ್ಲಿ ಒಂದೇ ಒಂದು ಹಿಟ್ಟನ್ನೂ ಕೊಡಲಿಲ್ಲ. ಕೊನೆಯ ದಾಂಡಿಗ ವೇಡ್ ಬಾಗ್ಸ್ ಸುಲಭಕ್ಕೆ ಔಟಾಗುವ ಆಸಾಮಿಯಲ್ಲ. ಆತನೂ ಬ್ಯಾಟು ಬೀಸಿ ಬರಿಗೈಯಲ್ಲಿ ಹಿಂದಿರುಗಿದ. ಯಾಂಕೀಸ್ ಪಿಚರೊಬ್ಬ ಇಂಥ ಸಾಧನೆ ಮಾಡಿದ್ದು 1956ರ ನಂತರ ಅದೇ ಮೊದಲು.

ಇದೇನು ಮಹಾ ಎನ್ನುವ ಕ್ರಿಕೆಟ್ ಪ್ರೇಮಿಗಳಿಗೆ ಒಂದು ಮಾತು. ಬೇಸ್‌ಬಾಲ್‌ನಲ್ಲಿ ಚೆಂಡು ನೆಲಕ್ಕೆ ಬಿದ್ದು ಪುಟಿಯುವುದಿಲ್ಲ. ಏನು ತಿರುಗಿದರೂ ಗಾಳಿಯಲ್ಲೇ ತಿರುಗಬೇಕು. ಪಿಚರ್ ನಿಂತ ಜಾಗದಿಂದ ದಾಂಡಿಗನ ಬಳಿಯ ಹೋಮ್ ಪ್ಲೇಟಿಗೆ 60 ಅಡಿ 6 ಅಂಗುಲ. ಗಂಟೆಗೆ 145 ಕಿಲೋಮೀಟರ್ ವೇಗದ ಚೆಂಡು ಅರ್ಧ ಸೆಕೆಂಡು ಕಳೆಯುವ ಮೊದಲೇ ಅಲ್ಲಿರುತ್ತದೆ. ಗಿರಗಿರನೆ ಸುತ್ತುವ ಚೆಂಡು ಗಾಳಿಯನ್ನು ಒಂದು ಬದಿಗೆ ತಳ್ಳುತ್ತದೆ, ತಾನು ಇನ್ನೊಂದು ಬದಿಗೆ ಸರಿಯುತ್ತದೆ. ಇದೇ ಮ್ಯಾಗ್ನಸ್ ಪರಿಣಾಮ. ನ್ಯೂಟನ್ನನ ಮೂರನೇ ನಿಯಮ ಓದಿದ ಮಕ್ಕಳಿಗೆ ಅರ್ಥವಾಗದ್ದೇನಲ್ಲ.

ರಿಗೆಟ್ಟಿ ಹುಟ್ಟಿದ್ದು 1958ರಲ್ಲಿ, ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ. ತಂದೆ ಲಿಯೊ ಕೂಡ ಆಟಗಾರ. ಆದರೆ ಮೈನರ್ ಲೀಗಿನಿಂದ ಮೇಲೇರಲು ಅವರಿಗೆ ಆಗಲೇ ಇಲ್ಲ. ಮಗ 1981ರಲ್ಲಿ ಅಮೆರಿಕನ್ ಲೀಗಿನ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದ, 1983ರಲ್ಲಿ 14 ಪಂದ್ಯ ಗೆದ್ದುಕೊಟ್ಟ. ಅಂಥವನನ್ನು 1984ರಲ್ಲಿ ತಂಡ ಆರಂಭದ ಪಿಚರ್ ಸ್ಥಾನದಿಂದ ತೆಗೆದು 'ರಿಲೀಫ್' ಪಿಚರ್ ಮಾಡಿತು. ಆ ಕೆಲಸ ಮಾಡುತ್ತಿದ್ದ ಗೂಸ್ ಗಾಸೇಜ್ ತಂಡ ಬಿಟ್ಟಿದ್ದ.

ಆರಂಭದ ಪಿಚರ್‌ಗೆ ನಾಲ್ಕೈದು ದಿನಕ್ಕೊಮ್ಮೆ ಕೆಲಸ, ಹೆಸರೂ ಅವನಿಗೇ. ರಿಲೀಫ್ ಪಿಚರ್ ಮೈದಾನದ ಅಂಚಿನ ಬುಲ್‌ಪೆನ್‌ನಲ್ಲಿ ದಿನವೂ ಕಾಯಬೇಕು. ಅಲ್ಪ ಮುನ್ನಡೆಯಿದ್ದಾಗ ಬಂದು ಪಂದ್ಯ ಉಳಿಸಿದರೆ ಲೆಕ್ಕಕ್ಕೆ ಒಂದು 'ಸೇವ್'. ಉಳಿಸದಿದ್ದರೆ ಇಡೀ ತಂಡದ ಸೋಲು ತಲೆಯ ಮೇಲೆ. ಒಳ್ಳೆಯ ಕೈಯೊಂದನ್ನು ವ್ಯರ್ಥ ಮಾಡಿದರು ಎಂಬ ವಾದ ಬಹುಕಾಲ ನಡೆಯಿತು. ಆ ವಾದದಲ್ಲಿ ಹುರುಳಿಲ್ಲದಿಲ್ಲ.

ಹೊಸ ಕೆಲಸ ಸುಖದ್ದೇನೂ ಆಗಿರಲಿಲ್ಲ. 1986ರ ಜೂನ್‌ನಲ್ಲಿ ಟೊರಾಂಟೊದಲ್ಲಿ ಜಾರ್ಜ್ ಬೆಲ್ ಒಂದೇ ಹೊಡೆತಕ್ಕೆ ನಾಲ್ಕು ರನ್ ಗಳಿಸಿ ಪಂದ್ಯ ಸಮ ಮಾಡಿದಾಗ, ರಿಗೆಟ್ಟಿ ಸಿಟ್ಟಿನಿಂದ ಕೈಗೆ ಬಂದ ಹೊಸ ಚೆಂಡನ್ನು ಮೈದಾನದ ಗೋಡೆಯಾಚೆ ಎಸೆದುಬಿಟ್ಟ! ಅದೇ ವರ್ಷ ಅಕ್ಟೋಬರ್ 4ರಂದು ಬಾಸ್ಟನ್ನಿನಲ್ಲಿ ಒಂದೇ ದಿನದ ಎರಡೂ ಪಂದ್ಯಗಳನ್ನು ಉಳಿಸಿದ. ಆ ಋತುವಿನ ಸೇವ್‌ಗಳು ಒಟ್ಟು 46. ಅಂದಿನ ಮಟ್ಟಿಗೆ ಅದು ದಾಖಲೆ. 1990ರಲ್ಲಿ ಬಾಬಿ ತಿಗ್‌ಪೆನ್ 57ಕ್ಕೆ ಏರಿಸಿದ.

ನಿವೃತ್ತಿಯ ಬಳಿಕ, 2000ದಲ್ಲಿ, ರಿಗೆಟ್ಟಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಪಿಚಿಂಗ್ ಕೋಚ್ ಆದ. ಮುಖ್ಯ ಮ್ಯಾನೇಜರುಗಳು ಬದಲಾದರೂ ಈತ ಉಳಿದ. 2009ರಲ್ಲಿ ಜೊನಾಥನ್ ಸ್ಯಾಂಚೆಸ್ ಎಂಬ ಎಡಗೈ ಪಿಚರ್ ಸರಿಯಾಗಿ ಆಡದೆ ಆರಂಭದ ಸ್ಥಾನ ಕಳೆದುಕೊಂಡು ಬುಲ್‌ಪೆನ್ ಸೇರಿದ. ಆ ದಾರಿ ಕೋಚ್‌ಗೆ ಚೆನ್ನಾಗಿ ಗೊತ್ತಿದ್ದದ್ದೇ. ಜುಲೈ 10ರಂದು ಗಾಯಗೊಂಡ ರ‍್ಯಾಂಡಿ ಜಾನ್ಸನ್ ಬದಲಿಗೆ ಸ್ಯಾಂಚೆಸ್‌ಗೆ ಅವಕಾಶ ಸಿಕ್ಕಿತು. ಅಂದು ಆತನೂ ಎದುರಾಳಿಗೆ ಒಂದೂ ಹಿಟ್ ಕೊಡಲಿಲ್ಲ. ನೋಡಲು ತಂದೆ ಬಂದಿದ್ದರು.

ಮುಂದೆ 2010, 2012, 2014ರಲ್ಲಿ ಜೈಂಟ್ಸ್ ವರ್ಲ್ಡ್ ಸೀರೀಸ್ ಗೆದ್ದಿತು. 2014ರ ಕೊನೆಯ ಪಂದ್ಯದಲ್ಲಿ ಆರಂಭದ ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್, ಎರಡೇ ದಿನದ ವಿಶ್ರಾಂತಿಯ ಮೇಲೆ, ರಿಲೀಫ್ ಪಿಚರನಾಗಿ ಬಂದು ಐದು ಸರದಿ ಎಸೆದು ಆಟ ಮುಗಿಸಿದ. 2017ರ ಋತುವಿನ ನಂತರ ತಂಡ ರಿಗೆಟ್ಟಿಯನ್ನು ಕೋಚ್ ಹುದ್ದೆಯಿಂದ ಬಿಡಿಸಿ ಆಡಳಿತದಲ್ಲಿ ಸಲಹೆಗಾರನ ಕೆಲಸ ಕೊಟ್ಟಿತು. ಅಷ್ಟರಲ್ಲಿ ಹದಿನೆಂಟು ಋತುಗಳು ಕಳೆದಿದ್ದವು.